ದಂಡಿನಮ್ಮನ ಮಾರ್ಚು

ಅವರ ಬಲಗೈ ತೋರುಬೆರಳಿನ ತುದಿ ಸ್ವಲ್ಪ ಮೇಲಕ್ಕೆ ಬಾಗಿತ್ತು. ಇಪ್ಪತ್ತಾರು ವರ್ಷ ಸ್ಕೂಲ್ ಬಸ್ಸು ಓಡಿಸಿ, ಹೊರಡುವ ಮುಂಚೆ ಒಂದು ಸಲ, ಇಳಿಸಿದ ಮೇಲೆ ಒಂದು ಸಲ ಮಕ್ಕಳ ತಲೆ ಎಣಿಸಿದ ಬೆರಳು ಅದು. ನಿವೃತ್ತಿಯಾದ ಮೇಲೂ ಅದಕ್ಕೆ ಬಿಡುವಿರಲಿಲ್ಲ. ನಾಲ್ಕು ಜನ ಸೇರಿದ ಕಡೆ ತಾನಾಗಿ ಮೇಲೇಳುತ್ತಿತ್ತು. ತುಟಿ ಅಲ್ಲಾಡುತ್ತಿರಲಿಲ್ಲ, ಬೆರಳೊಂದೇ ಗಾಳಿಯಲ್ಲಿ ಕುಟ್ಟುತ್ತಾ ನಮ್ಮನ್ನೆಲ್ಲ ಎಣಿಸಿ ಮುಗಿಸುತ್ತಿತ್ತು. ಒಮ್ಮೆ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಬಂದವರು ಬಾಗಿಲಲ್ಲೇ ನಿಂತು, ಪುರೋಹಿತರನ್ನೂ ಸೇರಿಸಿ ಎಣಿಸಿ, ಸಮಾಧಾನವಾದ ಮೇಲೆ ಒಳಗೆ ಕಾಲಿಟ್ಟರು.

ಅದು ಎಂಬತ್ತರ ದಶಕದ ಆರಂಭ. ಸ್ಯಾನ್ ಮಟಿಯೋದಲ್ಲಿ ನಮ್ಮದು ಮರದ ಮೆಟ್ಟಿಲಿನ ಎರಡಂತಸ್ತಿನ ಅಪಾರ್ಟ್‌ಮೆಂಟು; ಮೇಲೆ ನಾವು, ಕೆಳಗೆ ಅವರು. ನಾನು ಮದುವೆಯಾಗಿ ಮೈಸೂರಿನಿಂದ ಹೊಸದಾಗಿ ಬಂದವಳು. ನಮ್ಮವರು ಬೆಳಿಗ್ಗೆ ಏಳಕ್ಕೆ ಫ್ರೀವೇ ಹಿಡಿದು ಪಾಲೋ ಆಲ್ಟೋದ ಆಫೀಸಿಗೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದದ್ದು ನಾನು ಮತ್ತು ಫ್ರಿಜ್ಜಿನ ಸದ್ದು. ಕೆಳಗಿನ ಮನೆಯವರು ಎಪ್ಪತ್ತು ದಾಟಿದ ಕಪ್ಪು ಜನಾಂಗದ ಹೆಂಗಸು. ಎತ್ತರದ ಆಳು, ಕಾಲಿಗೆ ಗಂಡಸರ ಬೂಟು, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ವಿಷಲು. ಗಂಡ ಎಂದೋ ತೀರಿಹೋಗಿದ್ದರು, ಮಕ್ಕಳಿರಲಿಲ್ಲ, ಇದ್ದ ಒಬ್ಬ ತಮ್ಮನೂ ಹೋಗಿದ್ದ. ಇಷ್ಟು ಕೇಳಿ ಯಾರಾದರೂ ಪಾಪ ಅಂದರೆ ಅವರ ಕಿವಿಯ ಹತ್ತಿರ ಆ ವಿಷಲು ಊದಿಸಬೇಕು. ಮೆಟ್ಟಿಲ ಮೇಲೆ ಓಡುವವರಿಗೆ, ಕಾರು ಅಡ್ಡ ನಿಲ್ಲಿಸುವವರಿಗೆ, ಒಮ್ಮೆ ಒಗೆದ ಬಟ್ಟೆ ಮೆಶೀನಿನಲ್ಲೇ ಮರೆತು ಹೊರಟ ನಮ್ಮವರಿಗೆ, ಎಲ್ಲರಿಗೂ ಅದೇ ವಿಷಲು.

ಅವರ ಮಾತೆಲ್ಲ ಇಂಗ್ಲಿಷಿನದು. ನನ್ನ ನೆನಪಿನಲ್ಲಿ ಅದು ಯಾವತ್ತೋ ಕನ್ನಡವಾಗಿಬಿಟ್ಟಿದೆ, ನಾನೂ ತಿದ್ದಲು ಹೋಗಿಲ್ಲ. ಅವರು ನನ್ನನ್ನು ಕರೆಯುತ್ತಿದ್ದ 'ಹನಿ' ಮಾತ್ರ ಹಾಗೇ ಉಳಿದಿದೆ.

ಮೊದಲ ನವೆಂಬರಿನಲ್ಲಿ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, "ನಮ್ಮ ಮಾರ್ಚಿಗೆ ನೀನೂ ಬಾ ಹನಿ" ಅಂದರು. ಅರ್ಥವಾದರೂ ಆಗದಿದ್ದರೂ ತಲೆಯಾಡಿಸುವುದೇ ಆಗಿನ ನನ್ನ ಇಂಗ್ಲಿಷು. ಚೆನ್ನಾಗಿ ತಲೆಯಾಡಿಸಿದೆ. ಮೇಲೆ ಬಂದು ನಮ್ಮವರಿಗೆ, "ಪಾಪ, ಎಷ್ಟು ಮುಂಚೆಯೇ ಕರೆದಿದ್ದಾರೆ ನೋಡಿ, ಇನ್ನೂ ನಾಲ್ಕು ತಿಂಗಳಿದೆ" ಅಂದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟೆ. ಡಿಸೆಂಬರಿನ ಮೊದಲ ಶನಿವಾರ ಬೆಳಿಗ್ಗೆ ಅವರು ಹೆಗಲಿಗೆ ಚೀಲ ಹಾಕಿಕೊಂಡು ನಮ್ಮ ಕಿಟಕಿಯತ್ತ ಎರಡು ಸಲ ನೋಡಿ ಹೊರಟದ್ದನ್ನು ಕಂಡೆ. ಗ್ರೋಸರಿಗೆ ಹೋಗುತ್ತಿದ್ದಾರೆ ಅಂದುಕೊಂಡು ಕೈ ಬೀಸಿದೆ.

ಮಾರ್ಚ್ ಒಂದನೇ ತಾರೀಕು ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು, ಮುಡಿಗೆ ಪ್ಲಾಸ್ಟಿಕ್ ಹೂವಾದರೂ ಇರಲಿ ಅಂತ ಮುಡಿದು, ಒಂದು ಡಬ್ಬಿ ಕೇಸರಿಭಾತು ಹಿಡಿದು ಅವರ ಬಾಗಿಲು ತಟ್ಟಿದೆ.

"ಮಾರ್ಚ್ ಬಂತಲ್ಲ, ಬಂದೆ" ಅಂದೆ.

ಅವರು ನನ್ನನ್ನು ನೋಡಿದರು, ಡಬ್ಬಿ ನೋಡಿದರು, ಗೋಡೆಯ ಮೇಲಿದ್ದ ಕ್ಯಾಲೆಂಡರು ನೋಡಿದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕರು. ಅವಮಾನದಿಂದ ನನಗೆ ಅಳು ಬಂತು. "ಅಳಬೇಡ ಹನಿ. ನೀನು ಮೂರು ತಿಂಗಳು ತಡ, ಇಲ್ಲಾ ಒಂಬತ್ತು ತಿಂಗಳು ಬೇಗ. ಯಾವುದು ಬೇಕೋ ಆರಿಸ್ಕೋ" ಎಂದು ಕೈ ಹಿಡಿದು ಒಳಗೆ ಕರೆದರು. ಅವರ ಮಾರ್ಚು ತಿಂಗಳಲ್ಲ, ನಡಿಗೆ. ಕೇಸರಿಭಾತು ತಿನ್ನುತ್ತಾ ಅದರ ಕತೆ ಹೇಳಿದರು.

ನೂರಿಪ್ಪತ್ತು ವರ್ಷದ ಹಿಂದೆ ಈ ದೇಶದ ಉತ್ತರದವರಿಗೂ ದಕ್ಷಿಣದವರಿಗೂ ಅಂತರ್ಯುದ್ಧ ನಡೆಯಿತು. ಉತ್ತರದ ದಂಡೊಂದು ಜಾರ್ಜಿಯಾದ ನಡುಮಧ್ಯೆ ನುಗ್ಗಿ, ಶತ್ರುಗಳ ನೆಲದಲ್ಲೇ ಸಿಕ್ಕಿದ್ದು ಉಂಡು, ರೈಲುಕಂಬಿ ಕಿತ್ತು ಕೆಂಪಗೆ ಕಾಯಿಸಿ ಮರಕ್ಕೆ ಸುತ್ತಿ, ಹತ್ತಿಯ ಉಗ್ರಾಣಗಳಿಗೆ ಬೆಂಕಿಯಿಟ್ಟು, ವಾರಗಟ್ಟಲೆ ನಡೆದು ಸಮುದ್ರ ಸೇರಿತು. ಆ ದಾರಿಯ ಒಂದು ತೋಟದಲ್ಲಿ ಇವರ ಅಜ್ಜಿ, ಹನ್ನೊಂದು ವರ್ಷದ ಗುಲಾಮ ಹುಡುಗಿ, ಒಡೆಯರ ಅಡಿಗೆಮನೆಯಲ್ಲಿ ಪಾತ್ರೆ ಉಜ್ಜಿಕೊಂಡಿದ್ದಳು. ದಂಡು ಬಂತೆಂದು ಒಡೆಯರು ಬೆಳ್ಳಿ ಸಾಮಾನು ಹೂಳುವ ಗಡಿಬಿಡಿಯಲ್ಲಿದ್ದಾಗ ಅವಳೂ ಅವಳ ಅಕ್ಕನೂ ಒಲೆಯ ಮೇಲಿದ್ದ ಚಪ್ಪಟೆ ತಳದ ಕಬ್ಬಿಣದ ಬಾಂಡ್ಲಿ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದರು.

"ಕದ್ದಿದ್ದಲ್ಲ. ದಿನಾ ಅದನ್ನ ಉಜ್ಜಿದೋಳು ನಮ್ಮಜ್ಜಿ" ಅಂದರು.

"ದಂಡಿನ ಹಿಂದೆ ಹೋದರಾ?" ಎಂದು ನಾನು ಕೇಳಿದ್ದು ತಪ್ಪಾಯಿತು. ಬಾಗಿದ ಬೆರಳು ನನ್ನ ಮೂಗಿನ ಮುಂದೆ ಬಂತು. "ನಮ್ಮಜ್ಜಿ ಯಾರ ಹಿಂದೇನೂ ಹೋಗಲಿಲ್ಲ. ಅವಳು ಹೊರಟಿದ್ದ ದಾರೀಲೇ ದಂಡೂ ಹೋಗ್ತಿತ್ತು, ಅಷ್ಟೆ."

ಹಾಗೆ ಹೊರಟವರು ಸಾವಿರಾರು ಜನ. ಒಂದು ಕಡೆ ಚಳಿಗಾಲದ ಹೊಳೆ ಅಡ್ಡ ಬಂತು. ಸೈನಿಕರು ತಾವು ದಾಟಿದ ಮೇಲೆ, ಇವರು ಇನ್ನೂ ಈಚೆ ದಡದಲ್ಲಿರುವಾಗಲೇ, ತೇಲುಸೇತುವೆ ಎಳೆದುಕೊಂಡರು. ಬೆನ್ನ ಹಿಂದೆ ಶತ್ರುಗಳ ಕುದುರೆಗಳು. ಜನ ನೀರಿಗೆ ಹಾರಿದರು. ಹುಡುಗಿ ಬಾಂಡ್ಲಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಒಂದು ಮರದ ದಿಮ್ಮಿ ಹಿಡಿದು ಆಚೆ ದಡ ಸೇರಿ, ತನ್ನವರ ತಲೆ ಎಣಿಸಿದಳು. ಅಕ್ಕ ಇರಲಿಲ್ಲ.

ಇದನ್ನು ಹೇಳುವಾಗ ಅವರು ತಟ್ಟೆ ಕೆಳಗಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿಕೊಂಡರು.

"ಆದರೂ ನಡೆದಳು. ಕೊನೆಗೆ ಸಮುದ್ರದ ಮುಂದೆ ನಿಂತು ಏನಂದ್ಲು ಗೊತ್ತಾ? 'ಇಷ್ಟೇನಾ?' ಅಂದ್ಲು! ಒಂದು ಬೊಗಸೆ ಬಾಯಿಗೆ ಹಾಕ್ಕೊಂಡು, 'ಯಾರೋ ಉಪ್ಪು ಸುರಿದು ಕೆಡಿಸಿಬಿಟ್ಟಿದಾರೆ' ಅಂದ್ಲು. ಅಡಿಗೆಮನೆ ಹುಡುಗಿ ಅಲ್ವಾ!"

ಅಜ್ಜಿ ಬದುಕಿರುವವರೆಗೂ ಪ್ರತಿ ಡಿಸೆಂಬರಿನಲ್ಲಿ ಒಂದು ದಿನ ಆ ಬಾಂಡ್ಲಿ ಹಿಡಿದು ಸಮುದ್ರಕ್ಕೆ ನಡೆಯುತ್ತಿದ್ದಳಂತೆ. ಸಾಯುವ ಮುಂಚೆ ಮೊಮ್ಮಗಳ ಕೈಲಿ ಮಾತು ತೆಗೆದುಕೊಂಡಳು: ಮನೆಯವರು ಒಬ್ಬರಾದರೂ ವರ್ಷಕ್ಕೊಮ್ಮೆ ನಡೆದು ಸಮುದ್ರ ಮುಟ್ಟಬೇಕು, ಎರಡು ಬೊಗಸೆ ನೀರು ಎತ್ತಿ ಬಿಡಬೇಕು, ಒಂದು ತಲುಪಿದವಳಿಗೆ, ಇನ್ನೊಂದು ತಲುಪದ ಅಕ್ಕನಿಗೆ. ಜೊತೆಗೆ ಯಾರು ಬೇಕಾದರೂ ನಡೆಯಬಹುದು. ನೀರು ಎತ್ತುವವರು ಮಾತ್ರ ಮನೆಯವರೇ ಆಗಬೇಕು. ಇದೇ ಅವರ ಮಾರ್ಚು.

ನಮ್ಮ ಮನೆಯಿಂದ ಎರಡು ಮೈಲಿಗೆ ನೀರಿತ್ತು. ಅಲ್ಲೇ ಮುಟ್ಟಿದರೆ ಆಗದೇ ಅಂದೆ. "ಅದು ಬರೀ ಕೊಲ್ಲಿ, ಹನಿ. ನಮ್ಮಜ್ಜಿ ಕೊಲ್ಲಿವರೆಗೆ ನಡೀಲಿಲ್ಲ" ಅಂದರು.

ಮುಂದಿನ ಡಿಸೆಂಬರಿನಲ್ಲಿ ನಾನೂ ಹೋದೆ, ಸರಿಯಾದ ತಿಂಗಳಲ್ಲಿ. ಗುಡ್ಡದ ನೆತ್ತಿಯವರೆಗೆ ನಮ್ಮವರು ಕಾರಿನಲ್ಲಿ ಬಿಟ್ಟರು. ಅಲ್ಲಿಂದ ರೆಡ್‌ವುಡ್ ಮರಗಳ ಕಾಲುದಾರಿಯಲ್ಲಿ ಇಳಿದು, ಆರ್ಟಿಚೋಕ್ ತರಕಾರಿಯ ಹೊಲಗಳ ಪಕ್ಕದ ರಸ್ತೆ ಹಿಡಿದು ಸಮುದ್ರದವರೆಗೆ ಸುಮಾರು ಹತ್ತು ಮೈಲಿ. ಹೊರಡುವ ಮುಂಚೆ ಬೆರಳೆತ್ತಿ ಎಣಿಸಿದರು. ಇದ್ದವರೇ ಇಬ್ಬರು. "ಒಂದು, ಎರಡು. ಸರಿ, ಇದ್ದೀವಿ" ಎಂದು ವಿಷಲು ಊದಿ ಹೊರಟರು. ದಾರಿಯುದ್ದಕ್ಕೂ ಹಾಡಿದರು, ನನ್ನ ಪುಳಿಯೋಗರೆಯನ್ನು ಕುಳಿತುಕೊಳ್ಳದೆ ನಡೆಯುತ್ತಲೇ ತಿಂದರು, ನನ್ನ ಕೈಲೂ ಹಾಡಿಸಿದರು. ಈ ದೇಶಕ್ಕೆ ಬಂದ ಮೇಲೆ ನಾನು ಜೋರಾಗಿ ಬಾಯಿಬಿಟ್ಟದ್ದು ಅದೇ ಮೊದಲು. ಸಮುದ್ರ ಕಂಡಾಗ ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು "ಇಷ್ಟೇನಾ?" ಎಂದು ಕೂಗಿದೆವು. ಹಾಗೆ ಕೂಗುವುದು ಪದ್ಧತಿ.

ಆ ಬಾಂಡ್ಲಿ ವರ್ಷದ ಉಳಿದ ದಿನ ನಮ್ಮ ಮನೆಯಲ್ಲೇ ಇರುತ್ತಿತ್ತು. ನಾನ್‌ಸ್ಟಿಕ್ ತವದ ಮೇಲೆ ನನ್ನ ದೋಸೆ ಬಿಳಿಚಿಕೊಳ್ಳುವುದನ್ನು ನೋಡಿ ಅವರೇ ತಂದುಕೊಟ್ಟಿದ್ದರು. "ನಂಗೆ ಬೇಕಾಗೋದು ವರ್ಷಕ್ಕೆ ಒಂದು ದಿನ. ಮಿಕ್ಕ ದಿನ ಅದಕ್ಕೂ ಒಂದು ಕೆಲಸ ಬೇಕಲ್ಲ" ಅಂದರು. ಜಾರ್ಜಿಯಾದಿಂದ ನಡೆದು ಬಂದ ಕಬ್ಬಿಣದ ಮೇಲೆ ಕೆಂಪಗೆ ದೋಸೆ ಎದ್ದು ಬಂದಾಗ ನಾನು ಮೊದಲನೆಯದನ್ನು ಓಡಿ ಕೆಳಗೆ ಕೊಟ್ಟು ಬಂದೆ. ಮೆಟ್ಟಿಲ ಮೇಲೆ ಓಡಿದ್ದಕ್ಕೆ ವಿಷಲೂ ಬಿತ್ತು.

ಮೂರು ವರ್ಷ ಹೀಗೆ ನಡೆದೆವು. ನಾಲ್ಕನೇ ವರ್ಷ ಹಾಸನದ ಹತ್ತಿರದ ಹಳ್ಳಿಯಿಂದ ನಮ್ಮತ್ತೆ ಬಂದರು. ನಾನು ಆಗ ಬಸುರಿ ಅಲ್ಲ, ಬಾಣಂತಿಯೂ ಅಲ್ಲ; ಸುಮ್ಮನೆ ಮಗನನ್ನು ನೋಡಿಹೋಗಲು ಬಂದಿದ್ದರು, ಜೊತೆಗೆ ನನ್ನ ಸಾರಿನ ರುಚಿ ನೋಡಲು. ದಿನಾ ಮೊದಲ ತುತ್ತಿಗೆ ಒಂದೇ ತೀರ್ಪು: "ಉಪ್ಪು ಜಾಸ್ತಿ."

ಕೆಳಗಿನ ಮನೆಯವರನ್ನು ನೋಡಿದ ಮೊದಲ ದಿನವೇ ಅತ್ತೆ ಕೇಳಿದರು. "ಅವ್ಳು ಯಾಕೆ ನಿನ್ನ ಹನಿ ಹನಿ ಅಂತಾಳೆ? ಅಷ್ಟೊಂದು ಸೊರಗಿದೀಯಾ?"

ಜೇನು ಅಂತ ಅರ್ಥ, ಪ್ರೀತಿಗೆ ಕರೆಯೋದು ಅಂದೆ. ಅತ್ತೆಗೆ ನಂಬಿಕೆ ಬರಲಿಲ್ಲ. ಅದಕ್ಕಿಂತ ಅವರಿಗೆ ಸಿಟ್ಟು ತರಿಸಿದ್ದು ತಲೆ ಎಣಿಸುವುದು. "ಮನುಷ್ಯರ್ನ ಯಾರಾದ್ರೂ ಹಂಗೆ ಎಣಿಸ್ತಾರಾ? ದೃಷ್ಟಿ ತಾಗಲ್ವಾ?" ಬೆರಳು ಮೇಲೇಳುವುದು ಕಂಡರೆ ಸಾಕು, ಅತ್ತೆ ಕಂಬದ ಮರೆಗೆ ಸರಿಯುತ್ತಿದ್ದರು. ಕೆಳಗಿನ ಮನೆಯವರು ಬಿಡದೆ ಬಗ್ಗಿ ನೋಡಿ ಎಣಿಸುತ್ತಿದ್ದರು.

ಆದರೂ ಮಧ್ಯಾಹ್ನವಾದರೆ ಇಬ್ಬರೂ ಮೆಟ್ಟಿಲ ಮೇಲೆ ಬಟಾಣಿ ಬಿಡಿಸುತ್ತಾ ಕುಳಿತಿರುತ್ತಿದ್ದರು. ಒಬ್ಬರಿಗೆ ಕನ್ನಡ ಬರದು, ಇನ್ನೊಬ್ಬರಿಗೆ ಇಂಗ್ಲಿಷು ಬರದು, ಮಾತಿಗೇನೂ ಕೊರತೆಯಿರಲಿಲ್ಲ. ನಾನು ದಂಡಿನ ಕತೆಯನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಎಲ್ಲ ಕೇಳಿ ಅತ್ತೆಯ ಮೊದಲ ಪ್ರಶ್ನೆ, "ಅಷ್ಟು ಜನಕ್ಕೆ ಅಡಿಗೆ ಯಾರು ಮಾಡೋರು?" ಅದನ್ನು ಇಂಗ್ಲಿಷಿಗೆ ಹೇಳಿದಾಗ ಕೆಳಗಿನ ಮನೆಯವರು ತೊಡೆ ತಟ್ಟಿ ನಕ್ಕರು. ಸಿಕ್ಕಿದವರ ಮನೆಯ ಕೋಳಿ ಹಂದಿ ಹಿಡಿದು ತಿಂತಿದ್ದರು ಅಂದರು. "ಅಂದ್ರೆ ದರೋಡೆ" ಅಂದರು ಅತ್ತೆ. "ಆ ಹಂದಿಗೆ ದಿನಾ ತೌಡು ಹಾಕಿದೋಳು ನಮ್ಮಜ್ಜಿ. ತಿಂತಿದ್ದೋರು ಬೇರೆಯವರು. ಈಗ ಹೇಳು, ದರೋಡೆ ಯಾರದು?" ಅತ್ತೆ ಒಂದು ಗಳಿಗೆ ಯೋಚಿಸಿ, "ಇವ್ಳು ಸರಿಯಾಗ್ ಹೇಳ್ತಾಳೆ" ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರು ದಂಡಿನಮ್ಮ. ಅತ್ತೆಯ ಊರಿನ ಗುಡಿಯ ದೇವತೆಗೂ ಅದೇ ಹೆಸರು. ಅಜ್ಜಿ ಸಮುದ್ರದ ಮುಂದೆ ಅಂದ ಮಾತನ್ನು ಮಾತ್ರ ನಾನು ಅತ್ತೆಗೆ ಹೇಳಲಿಲ್ಲ. ಅಲ್ಲಿಗೆ ಕರೆದುಕೊಂಡು ಹೋಗಿ ಹೇಳಿ ನಗಿಸೋಣ ಅಂತ ಉಳಿಸಿಕೊಂಡಿದ್ದೆ.

ಆ ನವೆಂಬರಿನಲ್ಲಿ ದಂಡಿನಮ್ಮನ ಬಲ ಮಂಡಿ ಊದಿಕೊಂಡಿತು. ಗುಡ್ಡ ಇಳಿಯುವುದು ಈ ವರ್ಷ ಬೇಡ, ಇನ್ನು ಮುಂದೆಯೂ ಬೇಡ ಅಂದರು ಡಾಕ್ಟರು. ನಾನು ಹೋದಾಗ ಅವರು ಕಿಟಕಿಯ ಬಳಿ ಕುಳಿತಿದ್ದರು. ಕತ್ತಿನಲ್ಲಿ ವಿಷಲು ಇರಲಿಲ್ಲ.

"ನಿಮ್ಮ ಬದಲು ನಾನು ಹೋಗ್ತೀನಿ" ಅಂದೆ.

"ನೀನು ಒಳ್ಳೆಯವಳು ಹನಿ. ಆದರೆ ಇದು ಗ್ರೋಸರಿ ತಂದುಕೊಡೋ ಕೆಲಸ ಅಲ್ಲ. ಮನೆಯವರು ಮುಟ್ಟಬೇಕು. ನಮ್ಮ ಮನೇಲಿ ಉಳಿದಿರೋಳು ನಾನೊಬ್ಬಳೇ. ಮುಗೀತು ಅಂತ ಕಾಣುತ್ತೆ."

ಮೇಲೆ ಬಂದು ಅತ್ತೆಗೆ ಹೇಳಿಕೊಂಡು ಅತ್ತುಬಿಟ್ಟೆ. ಅತ್ತೆ ಕಡಲೆಬೇಳೆ ಆರಿಸುತ್ತಿದ್ದವರು ತಲೆಯೆತ್ತಲಿಲ್ಲ. "ಇದು ಹರಕೆ ಕಣೆ. ಹೊತ್ತೋರಿಗೆ ಆಗ್ದಿದ್ರೆ ಮನೆಯೋರು ತೀರಿಸ್ಬೋದು."

"ಮನೆಯವರು ಯಾರೂ ಇಲ್ಲವಲ್ಲ ಅತ್ತೆ."

"ಇಲ್ದಿದ್ರೆ ಮಾಡ್ಕೊಂಡ್ರಾಯ್ತು. ಅಕ್ಕಿ ತಾ. ಮಡಿಲು ತುಂಬ್ತೀನಿ."

ತವರಿನವರು ಹೆಣ್ಣುಮಕ್ಕಳಿಗೆ ಮಡಿಲಕ್ಕಿ ಕೊಡುವುದು ನನಗೆ ಗೊತ್ತು. ಮುತ್ತೈದೆಯರಿಗೆ ಮಾತ್ರ ಕೊಡುವುದೂ ಗೊತ್ತು. "ಅವರ ಯಜಮಾನರು ಹೋಗಿದ್ದಾರಲ್ಲ ಅತ್ತೆ" ಎಂದು ಮೆಲ್ಲಗೆ ಅಂದೆ.

"ನಮ್ಮೋರೇನು ಇಲ್ಲೇ ಕೂತಿದಾರಾ? ಸುಮ್ನೆ ಅಕ್ಕಿ ತಾ" ಅಂದರು.

ಮಾರನೇ ದಿನ ಬೆಳಿಗ್ಗೆ ಕೆಳಗೆ ಹೋದೆವು. ವೀಳ್ಯದೆಲೆ ಸಿಗಲಿಲ್ಲ. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಬಾಳೆಹಣ್ಣು, ಅತ್ತೆಯ ಪೆಟ್ಟಿಗೆಯಲ್ಲಿದ್ದ ಒಂದು ಹಸಿರು ರವಿಕೆ ಕಣ. ಸೆರಗಿಲ್ಲದ ದಂಡಿನಮ್ಮ ಅಡಿಗೆಯ ಏಪ್ರನ್ನನ್ನೇ ಎರಡು ಕೈಲಿ ಹಿಡಿದು ಕುಳಿತರು. ಅತ್ತೆ ಕುಂಕುಮವಿಟ್ಟು ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದರು. "ಇವತ್ತಿಂದ ನೀವು ಅತ್ತೆಗೆ ಅಕ್ಕ" ಎಂದು ನಾನು ಹೇಳಿದೆ. ದಂಡಿನಮ್ಮ ಅಕ್ಕಿಯನ್ನು ನೋಡಿದರು, ಅತ್ತೆಯ ಖಾಲಿ ಕೈ ನೋಡಿದರು. ನಾನು ಮುಂದಿನದು ಹೇಳುವ ಮೊದಲೇ, ಹಂಚಿಕೊಳ್ಳುವ ಪದ್ಧತಿ ಇರಬೇಕು ಅಂದುಕೊಂಡು, ಎದ್ದು ನಿಂತು ತಮ್ಮ ಮಡಿಲಿನ ಅಕ್ಕಿಯಲ್ಲಿ ಅರ್ಧವನ್ನು ಅತ್ತೆಯತ್ತ ಸುರಿದರು. ಬೀಳುವ ಅಕ್ಕಿ ಕಂಡು ಅತ್ತೆ ತಮಗರಿವಿಲ್ಲದೆ ಸೆರಗೊಡ್ಡಿದರು.

ಮಾವ ಹೋಗಿ ಒಂಬತ್ತು ವರ್ಷ. ಒಂಬತ್ತು ವರ್ಷದಿಂದ ಆ ಸೆರಗಿಗೆ ಯಾರೂ ಒಂದು ಕಾಳು ಹಾಕಿರಲಿಲ್ಲ. ಅತ್ತೆ ಸೆರಗನ್ನು ಬಿಗಿಯಾಗಿ ಹಿಡಿದು ನಿಂತೇ ಇದ್ದರು.

"ಹಿಂಗ್ ಮಾಡೋಕೆ ಇವ್ಳಿಗೆ ಯಾರೇ ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲ ಅತ್ತೆ. ತಪ್ಪು ತಿಳ್ಕೊಂಡ್ರು."

"ತಪ್ಪಾದ್ರೆ ಆಗ್ಲಿ ಬಿಡು" ಅಂದರು ಅತ್ತೆ. "ನಾನು ಅವಳ ತಂಗಿ. ನಾನೇ ನಡೀತೀನಿ ಅಂತ ಹೇಳು."

ನಾನು ಹೇಳಿದೆ. ದಂಡಿನಮ್ಮನ ಆ ಬಾಗಿದ ಬೆರಳು ಎದ್ದಿತು. ಮೊದಲು ಅತ್ತೆಯ ಕಡೆ, ಆಮೇಲೆ ತಮ್ಮ ಎದೆಯ ಕಡೆ. "ಎರಡು" ಅಂದರು. ಅತ್ತೆ ಮೊದಲ ಸಲ ಕಂಬದ ಮರೆ ಹುಡುಕಲಿಲ್ಲ.

ಡಿಸೆಂಬರಿನ ಮೊದಲ ಶನಿವಾರ ಅತ್ತೆ ಸೀರೆ ಎತ್ತಿ ಕಟ್ಟಿ, ಮಗನ ಬಿಳಿ ಕಾಲುಚೀಲ, ನನ್ನ ಸ್ನೀಕರ್ಸು ಹಾಕಿಕೊಂಡು ಗುಡ್ಡ ಇಳಿದರು. ಬಾಂಡ್ಲಿಯ ಚೀಲವನ್ನು ನನಗೆ ಹೊರಲು ಕೊಡಲಿಲ್ಲ. "ದಂಡಿನೋರು ದಿನಕ್ಕೆ ಎಷ್ಟು ನಡೆಯೋರಂತೆ?" ಎಂದು ಕೇಳಿದ್ದರು. ಹತ್ತು ಹನ್ನೆರಡು ಮೈಲಿ ಅಂದೆ. "ಹಂಗಾದ್ರೆ ನಾವೇನೂ ಕಮ್ಮಿ ಇಲ್ಲ" ಎಂದು ಹೆಜ್ಜೆ ಜೋರು ಮಾಡಿದರು. ನಾನೇ ಹಿಂದೆ ಬಿದ್ದೆ.

ನಮ್ಮವರು ದಂಡಿನಮ್ಮನನ್ನು ಸುತ್ತುದಾರಿಯಲ್ಲಿ ಕಾರಿನಲ್ಲಿ ಕರೆತಂದು ಮರಳಿನ ಅಂಚಿನಲ್ಲಿ ಮಡಿಸುವ ಕುರ್ಚಿಯಲ್ಲಿ ಕೂರಿಸಿದ್ದರು. ನಮ್ಮನ್ನು ಕಂಡದ್ದೇ ವಿಷಲು ಶುರುವಾಯಿತು. ಅತ್ತೆ ಸಮುದ್ರವನ್ನು ಅಷ್ಟು ಹತ್ತಿರದಿಂದ ನೋಡುವುದು ಅದೇ ಮೊದಲು. ನೆಟ್ಟಗೆ ನೀರಿಗಿಳಿದು ಒಂದು ಬೊಗಸೆ ಎತ್ತಿ ಬಿಟ್ಟರು, ಎರಡನೆಯದನ್ನೂ ಬಿಟ್ಟರು. ಮೂರನೆಯದನ್ನು, ತೀರ್ಥ ತೆಗೆದುಕೊಳ್ಳುವ ಅಭ್ಯಾಸದಲ್ಲಿ, ಬಾಯಿಗೆ ಹಾಕಿಕೊಂಡರು.

"ಥೂ! ನಿನ್ನ ಸಾರಿನಂಗೇ ಐತಲ್ಲೇ. ಉಪ್ಪು ಜಾಸ್ತಿ!"

ನಾನು ಮರಳಿನ ಮೇಲೆ ಕುಸಿದು ನಗತೊಡಗಿದೆ. "ಏನಂದ್ಲು? ಏನಂದ್ಲು?" ಎಂದು ದಂಡಿನಮ್ಮ ಕುರ್ಚಿಯಿಂದ ಕೂಗುತ್ತಿದ್ದರು. ಬಹಳ ಕಷ್ಟಪಟ್ಟು ಹೇಳಿದೆ. ಅವರ ಬಾಯಿಂದ ವಿಷಲು ಬಿತ್ತು. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು, "ಇವಳು ನಮ್ಮ ಮನೆಯವಳೇ ಹನಿ. ಇನ್ನು ಯಾರ ಸಾಕ್ಷಿಯೂ ಬೇಡ" ಅಂದರು.

ಅತ್ತೆ ಊರಿಗೆ ಮರಳಿದರು. ನನ್ನ ಮಗಳು ಹುಟ್ಟಿದಳು. ಎರಡು ಡಿಸೆಂಬರು ತಂಗಿಯ ಸೊಸೆ ಎಂಬ ಹಕ್ಕಿನಿಂದ ನಾನೇ ನಡೆದೆ. ಅದಾದ ಮೇಲಿನ ಅಕ್ಟೋಬರಿನ ಒಂದು ಮಧ್ಯಾಹ್ನ ದಂಡಿನಮ್ಮ ಕಿಟಕಿಯ ಬಳಿಯ ಕುರ್ಚಿಯಲ್ಲೇ ಹೋಗಿಬಿಟ್ಟರು. ಈ ದೇಶದಲ್ಲಿ ಎದೆ ಸೆಟೆದು ನಡೆಯುವುದನ್ನು, ಬಾಯಿಬಿಟ್ಟು ನಗುವುದನ್ನು ನನಗೆ ಕಲಿಸಿದವರು ಅವರು. ಆ ಋಣ ತೀರುವಂಥದ್ದಲ್ಲ, ನನಗೆ ತೀರಿಸುವ ಆಸೆಯೂ ಇಲ್ಲ.

ಚರ್ಚಿನಲ್ಲಿ ಎಲ್ಲರ ಕೈಗೂ ಒಂದು ಅಚ್ಚುಹಾಕಿದ ಹಾಳೆ ಕೊಟ್ಟರು. ಹೋದವರು ಯಾರ್‍ಯಾರನ್ನು ಬಿಟ್ಟು ಹೋಗಿದ್ದಾರೆ ಎಂದು ಅದರಲ್ಲಿ ಬರೆಯುವುದು ಇಲ್ಲಿಯ ರೂಢಿ. ಅದನ್ನು ಅವರೇ ಮುಂಚೆ ಬರೆದಿಟ್ಟಿದ್ದರಂತೆ. ಒಂದೇ ಸಾಲು: 'ಒಬ್ಬ ತಂಗಿ, ಹಾಸನ, ಇಂಡಿಯಾ, ಮತ್ತು ಅವಳ ಮನೆಯವರು.' ಪಾದ್ರಿಗಳು ಮನೆಯವರು ಎದ್ದು ನಿಲ್ಲಬೇಕೆಂದರು. ಜನ ಅತ್ತಿತ್ತ ನೋಡಿದರು. ಸೀರೆಯುಟ್ಟ ನಾನು ಮಗಳನ್ನು ಸೊಂಟಕ್ಕೇರಿಸಿಕೊಂಡು ಎದ್ದು ನಿಂತೆ, ಪಕ್ಕದಲ್ಲಿ ನಮ್ಮವರೂ ನಿಂತರು.

ಆ ಹಾಳೆಯ ಸಂಗತಿಯನ್ನೆಲ್ಲ ಅತ್ತೆಗೆ ಬರೆದೆ. ನವೆಂಬರ್ ಕೊನೆಗೆ ನೀಲಿ ಕಾಗದದಲ್ಲಿ ಅವರ ದಪ್ಪ ಅಕ್ಷರದ ಉತ್ತರ ಬಂತು. 'ಅಕ್ಕ ಹೋದ ಸುದ್ದಿ ತಿಳಿದು ತಲೆಗೆ ನೀರು ಹಾಕಿಕೊಂಡೆ. ಮೂರು ದಿನ ಒಗ್ಗರಣೆ ಹಾಕಲಿಲ್ಲ. ಊರಿನೋರು ಯಾರದು ಸೂತಕ ಅಂದರು, ನಮ್ಮಕ್ಕಂದು ಅಂದೆ. ನನಗೂ ಈಗ ಮಂಡಿ ನೋವು. ಈ ಸಲವೂ ನೀನೇ ಮುಟ್ಟು. ಮಗೂನೂ ಕರ್ಕೊಂಡು ಹೋಗು. ಹೊರಡೋ ಮುಂಚೆ ಎಲ್ಲಾರ್ನೂ ಎಣಿಸ್ಕೋ.'

ಗುಡ್ಡದ ನೆತ್ತಿಯಲ್ಲಿ ಕಾರಿಳಿದು, ಮಗಳನ್ನು ಎತ್ತಿಕೊಂಡು ಈ ಸಲ ನಮ್ಮವರೂ ಜೊತೆಗೆ ನಿಂತರು. ಬಾಂಡ್ಲಿಯ ಚೀಲ ಹೆಗಲಿಗೇರಿಸಿ, ನಾನು ಬೆರಳೆತ್ತಿದೆ. ಒಂದು, ಎರಡು, ಮೂರು. ಸರಿ, ಇದ್ದೀವಿ.